ಎಷ್ಟು ಕೊಡುತ್ತೆ?

ಕಾರು ತಗೋಬೇಕು ಅಂತ ಬಾಯಿ ಬಿಟ್ಟರೆ ಸಾಕು, ನಮ್ಮಲ್ಲಿ ಮೊದಲು ಬರೋ ಪ್ರಶ್ನೆ ಇದೇ. ಬ್ರೇಕ್ ಹೇಗಿದೆ, ಏರ್‌ಬ್ಯಾಗ್ ಎಷ್ಟಿವೆ, ಇವೆಲ್ಲ ಆಮೇಲೆ. ಆಫೀಸಿನ ಸೆಕ್ಯುರಿಟಿಯವರಿಂದ ಹಿಡಿದು ಹಾಸನದ ನಮ್ಮ ಪಕ್ಕದ ಮನೆ ಅಜ್ಜಿಯವರೆಗೂ ಎಲ್ಲರದ್ದೂ ಒಂದೇ ಮಾತು - ಎಷ್ಟು ಕೊಡುತ್ತೆ?

ನನಗೆ ಬೇಕಾಗಿದ್ದದ್ದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಸೆಡಾನ್. ನಾಲ್ಕು ಬಾಗಿಲು ಇರಬೇಕು, ಹಿಂದೆ ಅಮ್ಮ ಕಾಲು ಚಾಚಿ ಕೂರೋ ಹಾಗಿರಬೇಕು, ಡಿಕ್ಕಿಯಲ್ಲಿ ಊರಿಂದ ತರೋ ಅಕ್ಕಿ ಮೂಟೆ ಹಿಡಿಸಬೇಕು. ಆದರೆ ಬಲಗಾಲು ಸ್ವಲ್ಪ ಒತ್ತಿದಾಗ ಬೆನ್ನು ಸೀಟಿಗೆ ಅಂಟಿಕೊಳ್ಳಬೇಕು. ಇಂಥದ್ದನ್ನು ಹೊಸದಾಗಿ ಕೊಳ್ಳೋಕೆ ನನ್ನ ಕೈಲಿ ಆಗಲ್ಲ, ಮನೆಯ ಸಾಲದ ಕಂತು ಪ್ರತಿ ತಿಂಗಳು ಐದನೇ ತಾರೀಖು ಬಾಗಿಲು ತಟ್ಟುತ್ತೆ. ಹಾಗಾಗಿ ಸೆಕೆಂಡ್ ಹ್ಯಾಂಡು. ಸ್ನೇಹಿತರು ಹೇಳಿದ್ದು, "ಲೋ, ಇಂಥ ಗಾಡಿ ತಗೊಳ್ಳೋರು ಮೈಲೇಜ್ ಕೇಳಬಾರದು ಕಣೋ, ಮರ್ಯಾದೆ ಹೋಗುತ್ತೆ." ಯಾಕೆ ಕೇಳಬಾರದು ಮಾರಾಯ್ರೇ? ಕಾರಿನ ಬೆಲೆ ಒಂದು ಸಲ ಕೊಡೋದು. ಪೆಟ್ರೋಲ್ ಬಂಕಿಗೆ ವಾರಾ ವಾರಾ ಹೋಗೋನು ನಾನು.

ಅದಕ್ಕಿಂತ ಮುಖ್ಯವಾಗಿ, ನಮ್ಮ ಮನೆಯಲ್ಲಿ ಮೈಲೇಜ್ ಅನ್ನೋ ಮಾತೇ ಇರಲಿಲ್ಲ. ನಾವು ಹೇಳ್ತಿದ್ದದ್ದು ಕೆಎಂಪಿಎಲ್. ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಹಾಸನದಿಂದ ಸಕಲೇಶಪುರ, ಶಿರಾಡಿ ಘಾಟಿ ಇಳಿದು ಧರ್ಮಸ್ಥಳ - ಹೆಚ್ಚಾಗಿ ಈ ರೂಟು. ಬಸ್ ಡಿಪೋಗಳಲ್ಲಿ ಯಾರ ಕೈಲಿ ಬಸ್ಸು ಲೀಟರ್ ಡೀಸೆಲ್ಲಿಗೆ ಎಷ್ಟು ಓಡಿತು ಅಂತ ಡ್ರೈವರ್‌ವಾರು ಲೆಕ್ಕ ಇಡ್ತಾರೆ. ನಾನು ಪರೀಕ್ಷೆಯಲ್ಲಿ ಎಷ್ಟು ತೆಗೆದೆ ಅಂತ ಅಪ್ಪ ಕೇಳಿದರೆ, ನಾನು ತಿರುಗಿ "ನಿಮ್ಮದು ಎಷ್ಟು ಬಂತು?" ಅಂತ ಕೇಳ್ತಿದ್ದೆ. 5ರ ಮೇಲೆ ಬಂದ ತಿಂಗಳು ಅವರ ಮುಖದಲ್ಲಿ ಒಂದು ಕಳೆ. ಘಾಟಿ ರೂಟಿನಲ್ಲಿ 5 ಅಂದರೆ ತಮಾಷೆಯಲ್ಲ. ಹಾಫ್ ಕ್ಲಚ್ ಹಿಡಿಯಬಾರದು, ಮುಂದೆ ಸ್ಟಾಪ್ ಕಾಣ್ತಿದ್ದ ಹಾಗೇ ಆಕ್ಸಿಲರೇಟರ್ ಬಿಟ್ಟು ಗಾಡಿಯನ್ನು ಗೇರಿನಲ್ಲೇ ಉರುಳಲು ಬಿಡಬೇಕು, ಬ್ರೇಕ್ ಹಾಕಿದೆ ಅಂದರೆ ಅಷ್ಟು ಡೀಸೆಲ್ ಸುಟ್ಟು ಹಾಕಿದೆ ಅಂತ ಲೆಕ್ಕ. ಇಂಜಿನಿಯರಿಂಗ್‌ನಲ್ಲಿ ಚಲನ ಶಕ್ತಿ ಪಾಠ ಮಾಡಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ :)

ಅಪ್ಪ ನಿವೃತ್ತರಾಗಿ ನಾಲ್ಕು ವರ್ಷ. ಆವತ್ತಿನಿಂದ ಒಂದು ದಿನವೂ ಸ್ಟೇರಿಂಗ್ ಹಿಡಿದಿಲ್ಲ. "ಸಾಕಾಯ್ತು ಬಿಡು" ಅಂತಾರೆ. ಆದರೆ ಬಾಡಿಗೆ ಕಾರಿನಲ್ಲಿ ಮುಂದಿನ ಸೀಟಿನಲ್ಲಿ ಕೂತಾಗ ಅವರ ಎಡಗಾಲು ತಾನಾಗೇ ನೆಲ ಒತ್ತೋದನ್ನು ನಾನು ನೋಡಿದ್ದೀನಿ. ಕಾರು ಹುಡುಕುವಾಗ ಇದು ನನ್ನ ತಲೆಯ ಹಿಂದೆ ಇತ್ತು, ಯಾರಿಗೂ ಹೇಳಿರಲಿಲ್ಲ ಅಷ್ಟೇ.

ಸರಿ, ಪಟ್ಟಿಗೆ ಬರೋಣ. ಹಲವು ವಾರಾಂತ್ಯ ಸುತ್ತಿದ ಮೇಲೆ ಉಳಿದದ್ದು ಮೂರು. ಒಂದು, 2017ರಲ್ಲಿ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಎರಡು ಲೀಟರ್ ಟರ್ಬೋ ಪೆಟ್ರೋಲ್, 230 ಪಿಎಸ್, ಆಟೋಮ್ಯಾಟಿಕ್. ನಿಜವಾದ ಅರ್ಥದಲ್ಲಿ ಸ್ಪೋರ್ಟ್ಸ್ ಸೆಡಾನ್ ಅಂದರೆ ಪಟ್ಟಿಯಲ್ಲಿ ಇದೊಂದೇ. ಎರಡು, 2022ರ ಸ್ಕೋಡಾ ಸ್ಲಾವಿಯಾ 1.5 ಟಿಎಸ್‌ಐ, 150 ಪಿಎಸ್. ಮೂರು, 2023ರ ಹ್ಯುಂಡೈ ವರ್ನಾ ಟರ್ಬೋ, 160 ಪಿಎಸ್. ಕೊನೆಯ ಎರಡನ್ನು ಸ್ಪೋರ್ಟ್ಸ್ ಸೆಡಾನ್ ಅಂದರೆ ಶುದ್ಧ ಕಾರುಭಕ್ತರು ಬೈತಾರೆ. ಬೈಯಲಿ ಬಿಡಿ.

ಕಂಪನಿ ಹೇಳೋ ಲೆಕ್ಕ ಹೀಗಿದೆ: ಆರ್‌ಎಸ್ ಲೀಟರಿಗೆ 14.45, ಸ್ಲಾವಿಯಾ ಆಟೋಮ್ಯಾಟಿಕ್ 18.41 (ಮ್ಯಾನ್ಯುಯಲ್ 18.72), ವರ್ನಾ ಟರ್ಬೋ ಆಟೋಮ್ಯಾಟಿಕ್ 20.6. ಇದನ್ನು ನೋಡಿದರೆ ಕೆಲಸ ಮುಗಿದೇ ಹೋಯ್ತು, ವರ್ನಾ ತಗೊಂಡು ಮನೆಗೆ ಹೋಗಬಹುದು. ಆದರೆ ಈ ಅಂಕಿ ಹುಟ್ಟೋದು ಎಲ್ಲಿ ಅಂತ ಗೊತ್ತಾ? ರಸ್ತೆಯಲ್ಲಲ್ಲ. ಲ್ಯಾಬಿನಲ್ಲಿ ಉರುಳುಗಳ ಮೇಲೆ ಚಕ್ರ ಇಟ್ಟು, ಏಸಿ ಆಫ್ ಮಾಡಿ, ಮೊದಲೇ ಬರೆದಿಟ್ಟ ವೇಗದ ನಕ್ಷೆಯ ಪ್ರಕಾರ ಸುಮಾರು 20 ನಿಮಿಷ ಓಡಿಸ್ತಾರೆ. ಅದರಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿಮೀ, ಸರಾಸರಿ 32ರ ಆಸುಪಾಸು. ವೇಗ ಹೆಚ್ಚಿಸೋದೂ ಮದುವೆ ಮೆರವಣಿಗೆ ಹೋದ ಹಾಗೆ, ನಿಧಾನಕ್ಕೆ. ಟರ್ಬೋ ಗಾಡಿಗೆ ಇದು ಹಬ್ಬ. ಮೆತ್ತಗೆ ಒತ್ತಿದಾಗ ಅದು ಸಣ್ಣ ಇಂಜಿನ್ನಿನ ಹಾಗೆ ಮಿತವಾಗಿ ಕುಡಿಯುತ್ತೆ. ಗಟ್ಟಿಯಾಗಿ ಒತ್ತಿದಾಗ ತಾನೇ ಅದರ ನಿಜಸ್ವರೂಪ ಗೊತ್ತಾಗೋದು? ಲ್ಯಾಬಿನಲ್ಲಿ ಯಾರೂ ಗಟ್ಟಿಯಾಗಿ ಒತ್ತೋದೇ ಇಲ್ಲ.

ಮೋಸ ಅಂತ ನಾನು ಹೇಳ್ತಿಲ್ಲ. ಎಲ್ಲ ಕಾರಿಗೂ ಅದೇ ಪರೀಕ್ಷೆ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟ ಹಾಗೆ. ಆದರೆ ನಾನು ಬರೆಯಬೇಕಾಗಿರೋದು ಬೇರೆ ಪರೀಕ್ಷೆ. ಟಾಮ್‌ಟಾಮ್ ಸಂಸ್ಥೆಯ 2023ರ ಲೆಕ್ಕದ ಪ್ರಕಾರ ಬೆಂಗಳೂರಿನ ಒಳಗೆ 10 ಕಿಮೀ ಹೋಗೋಕೆ ಸರಾಸರಿ 28 ನಿಮಿಷ 10 ಸೆಕೆಂಡು. ಅಂದರೆ ಗಂಟೆಗೆ 21 ಕಿಮೀ. ನಾಗರಬಾವಿಯಿಂದ ಬೆಳ್ಳಂದೂರಿಗೆ ಹೋಗೋ ನನ್ನಂಥವರಿಗೆ ಅದೂ ಜಾಸ್ತಿಯೇ! ನಿಂತಲ್ಲೇ ಏಸಿ ಹಾಕಿಕೊಂಡು ಇಂಜಿನ್ ಗುಂಯ್ ಅಂತಿದ್ದರೆ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಹೋಗುತ್ತೆ. ಆ ಹೊತ್ತಿನಲ್ಲಿ ಮೈಲೇಜ್ ಎಷ್ಟು ಅಂದರೆ ಸೊನ್ನೆ. ಹಾಗಾಗಿ ಊರೊಳಗೆ ಮೈಲೇಜ್ ಅನ್ನೋದು ಕಿಲೋಮೀಟರಿನ ಲೆಕ್ಕಕ್ಕಿಂತ ಗಂಟೆಯ ಲೆಕ್ಕ.

ಸೆಕೆಂಡ್ ಹ್ಯಾಂಡ್ ಗಾಡಿಯ ಕಷ್ಟ ಏನಂದರೆ, ಪರೀಕ್ಷೆಗೆ ಅಂತ ಕೊಡೋದು ಹದಿನೈದು ನಿಮಿಷ. ಅದರಲ್ಲಿ ಮೈಲೇಜ್ ಅಳೆಯೋಕಾಗಲ್ಲ. ಕೇಳಿದರೆ "ಹದಿನೆಂಟು ಪಕ್ಕಾ ಸಾರ್". ಒಬ್ಬ ಡೀಲರ್ ಆರ್‌ಎಸ್‌ಗೂ ಹದಿನೆಂಟು ಅಂದ, ಪಕ್ಕದಲ್ಲಿದ್ದ ಏಳು ಸೀಟಿನ ಗಾಡಿಗೂ ಹದಿನೆಂಟು ಅಂದ. ಅವನ ಅಂಗಡಿಯಲ್ಲಿ ಎಲ್ಲವೂ ಹದಿನೆಂಟೇ. ಆಮೇಲೆ ನಾನು ಕೇಳೋದನ್ನೇ ಬಿಟ್ಟೆ. ಬದಲು ಸ್ಟೇರಿಂಗ್ ಹಿಂದಿನ ಪರದೆಯಲ್ಲಿ ಹುಡುಕೋಕೆ ಶುರು ಮಾಡಿದೆ. ಈಗಿನ ಎಷ್ಟೋ ಕಾರುಗಳಲ್ಲಿ ಈ ಸಲದ ಓಟ, ಪೆಟ್ರೋಲ್ ತುಂಬಿಸಿದಾಗಿನಿಂದ, ಬಹಳ ದಿನಗಳದ್ದು ಅಂತ ಬೇರೆ ಬೇರೆ ಲೆಕ್ಕ ಇರುತ್ತೆ. ಬಹಳ ದಿನಗಳದ್ದನ್ನು ನೋಡಬೇಕು. ಮತ್ತು ಎಲ್ಲಕ್ಕಿಂತ ಮುಖ್ಯ, ಅಲ್ಲೇ ಇರೋ ಸರಾಸರಿ ವೇಗವನ್ನು ನೋಡಬೇಕು. 12 ಕೊಡುತ್ತೆ ಅಂತ ಪರದೆ ಹೇಳಿದರೆ ಅದಕ್ಕೆ ಅರ್ಥವಿಲ್ಲ. ಗಂಟೆಗೆ 45ರ ಸರಾಸರಿಯಲ್ಲಿ 12 ಅಂದರೆ ಆ ಗಾಡಿ ಹೆದ್ದಾರಿಯಲ್ಲಿ ಓಡಿದ ಕುಡುಕ. 19ರ ಸರಾಸರಿಯಲ್ಲಿ 12 ಅಂದರೆ ಕಾಲಿಗೆ ಬೀಳಬೇಕು. ಪರದೆ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ಹೇಳುತ್ತೆ, ಅದನ್ನೂ ಕಳೆಯಬೇಕು.

ಹೀಗೆ ನಾನು ನೋಡಿದ ಗಾಡಿಗಳಿಂದ, ಫೋನಿನಲ್ಲಿ ಫೋಟೋ ಕಳಿಸಿದ ಮಾಲೀಕರಿಂದ ಸಿಕ್ಕಿದ್ದು: ಆರ್‌ಎಸ್ ಬೆಂಗಳೂರಿನೊಳಗೆ 7, ಹೆದ್ದಾರಿಯಲ್ಲಿ 13. ಸ್ಲಾವಿಯಾ 9.5 ಮತ್ತು 18. ವರ್ನಾ 10 ಮತ್ತು 18. ಬೆರಳೆಣಿಕೆಯ ಗಾಡಿಗಳ ಲೆಕ್ಕ ಇದು, ಶಾಸನ ಅಲ್ಲ.

ನನ್ನ ಓಟ ತಿಂಗಳಿಗೆ ಸುಮಾರು 800 ಕಿಮೀ. ವಾರಕ್ಕೆರಡು ದಿನ ಆಫೀಸು, ಅದು 400. ತಿಂಗಳಿಗೊಂದು ಸಲ ಹಾಸನ, ಅದೂ ಇದೂ ಸೇರಿ ಇನ್ನೊಂದು 400. ಈಗ ಆರ್‌ಎಸ್ ಸರಾಸರಿ ಎಷ್ಟು? 7 ಮತ್ತು 13 ಕೂಡಿಸಿ ಎರಡರಿಂದ ಭಾಗಿಸಿ 10 ಅಂತೀರಾ? ಅಲ್ಲ. 400ನ್ನು 7ರಿಂದ ಭಾಗಿಸಿದರೆ 57 ಲೀಟರ್, 13ರಿಂದ ಭಾಗಿಸಿದರೆ 31 ಲೀಟರ್, ಒಟ್ಟು 88. ಅಂದರೆ ಸರಾಸರಿ ಬರೀ 9.1. ಹತ್ತು ಅಂದುಕೊಂಡು ಬಜೆಟ್ ಹಾಕಿದವನಿಗೆ ಪ್ರತಿ ತಿಂಗಳೂ ಎಂಟು ಲೀಟರ್ ಎಲ್ಲಿಗೆ ಹೋಯ್ತು ಅಂತಲೇ ಗೊತ್ತಾಗಲ್ಲ. ಕೆಟ್ಟ ಮೈಲೇಜಿನ ಭಾಗ ಯಾವಾಗಲೂ ತನ್ನ ಪಾಲಿಗಿಂತ ಹೆಚ್ಚು ಕುಡಿಯುತ್ತೆ.

ಇದರಲ್ಲಿ ಇನ್ನೊಂದು ಸೋಜಿಗ ಇದೆ. ಲೀಟರಿಗೆ ಎಷ್ಟು ಕಿಮೀ ಅಂತ ಯೋಚಿಸೋದೇ ನಮ್ಮನ್ನು ದಾರಿ ತಪ್ಪಿಸುತ್ತೆ. 18ರಿಂದ 20ಕ್ಕೆ ಏರೋದು, 7ರಿಂದ 9ಕ್ಕೆ ಏರೋದು, ಎರಡೂ ಕೇಳೋಕೆ ಒಂದೇ ಥರ, ಎರಡು ಕಿಮೀ ಹೆಚ್ಚು. ಸಾವಿರ ಕಿಮೀ ಓಡಿಸಿ ನೋಡಿ. ಮೊದಲನೆಯದರಲ್ಲಿ ಉಳಿಯೋದು ಐದೂವರೆ ಲೀಟರ್, ಎರಡನೆಯದರಲ್ಲಿ ಸುಮಾರು 32 ಲೀಟರ್! ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ರಿಚರ್ಡ್ ಲ್ಯಾರಿಕ್ ಮತ್ತು ಜ್ಯಾಕ್ ಸಾಲ್ 2008ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದನ್ನೇ ಬರೆದಿದ್ದರು, ಅವರದ್ದು ಗ್ಯಾಲನ್ನಿಗೆ ಎಷ್ಟು ಮೈಲಿ ಅನ್ನೋ ಲೆಕ್ಕ. ಯೂರೋಪಿನವರು 100 ಕಿಮೀಗೆ ಎಷ್ಟು ಲೀಟರ್ ಅಂತ ತಿರುಗಿಸಿ ಹೇಳ್ತಾರೆ, ಅದೇ ಸರಿ. ನಾವೂ ಮನೆಗೆ ತಿಂಗಳಿಗೆ ಎಷ್ಟು ಅಕ್ಕಿ ಬೇಕು ಅಂತ ಕೇಳ್ತೀವೇ ಹೊರತು ಒಂದು ಕೆಜಿ ಅಕ್ಕಿಗೆ ಎಷ್ಟು ಊಟ ಅಂತ ಕೇಳ್ತೀವಾ?

ಲೀಟರನ್ನು 103 ರೂಪಾಯಿ ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆ. ವರ್ನಾ ತಿಂಗಳಿಗೆ 6,409. ಸ್ಲಾವಿಯಾ 6,626. ವ್ಯತ್ಯಾಸ 217 ರೂಪಾಯಿ. ಎರಡು ಮಸಾಲೆದೋಸೆ, ಎರಡು ಕಾಫಿ. ಕಂಪನಿ ಕಾಗದದಲ್ಲಿ 20.6 ಎಲ್ಲಿ, 18.41 ಎಲ್ಲಿ ಅಂತ ಜನ ಬಡಿದಾಡೋದು ಇಷ್ಟಕ್ಕೆ. ಆರ್‌ಎಸ್ 9,055. ಸ್ಲಾವಿಯಾಗಿಂತ ತಿಂಗಳಿಗೆ 2,429 ಜಾಸ್ತಿ, ವರ್ಷಕ್ಕೆ 29 ಸಾವಿರ. ಬರೀ ಕಾಗದದ ಅಂಕಿ ಹಿಡಿದು ಹೋಗಿದ್ದರೆ ತಿಂಗಳಿಗೆ ಸುಮಾರು 1,200 ಮಾತ್ರ ಅಂತ ಕಾಣ್ತಿತ್ತು. ಅಂದರೆ ಹತ್ತಿರದ ಎರಡು ಗಾಡಿಗಳ ನಡುವಿನ ವ್ಯತ್ಯಾಸವನ್ನು ಕಾಗದ ದೊಡ್ಡದು ಮಾಡಿ ತೋರಿಸಿತು, ದೂರದ ಎರಡರ ವ್ಯತ್ಯಾಸವನ್ನು ಅರ್ಧ ಮುಚ್ಚಿಟ್ಟಿತು.

ಹಳೇ ಗಾಡಿ ಕೊಳ್ಳೋರು ಇನ್ನೊಂದು ವಿಷಯ ನೋಡಬೇಕು, ಎಥನಾಲ್. 2018ರಲ್ಲಿ ಯಾರೋ ಆರ್‌ಎಸ್ ಓಡಿಸಿ ಬರೆದ ಮೈಲೇಜನ್ನು ಇವತ್ತು ಓದಿ ನಂಬೋ ಹಾಗಿಲ್ಲ. ಆಗ ಪೆಟ್ರೋಲಿನಲ್ಲಿ ಎಥನಾಲ್ ಸರಾಸರಿ ನೂರಕ್ಕೆ ನಾಲ್ಕೈದು ಭಾಗ ಇತ್ತು. 2022ರಲ್ಲಿ 10 ಆಯ್ತು, 2025ರ ಹೊತ್ತಿಗೆ 20. ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಹಾಗಾಗಿ ಬಂಕಿನ ಮೀಟರ್ ಒಂದು ಲೀಟರ್ ತೋರಿಸಿದರೂ ಒಳಗಿರೋ ದಮ್ಮು ಮೊದಲಿನಷ್ಟಿಲ್ಲ. ನೀತಿ ಆಯೋಗದ 2021ರ ವರದಿಯೇ ಹಳೇ ಮಾದರಿಯ ಕಾರುಗಳಲ್ಲಿ, ಅಂದರೆ ಎಥನಾಲ್ ಇಲ್ಲದ ಪೆಟ್ರೋಲಿಗೆ ಮಾಡಿ 10ರ ಮಿಶ್ರಣಕ್ಕೆ ಹೊಂದಿಸಿದ ಗಾಡಿಗಳಲ್ಲಿ, 20ರ ಮಿಶ್ರಣ ಹಾಕಿದರೆ ಶೇಕಡಾ 6-7ರಷ್ಟು ಮೈಲೇಜ್ ಇಳಿಯಬಹುದು ಅಂತ ಅಂದಾಜು ಮಾಡಿತ್ತು. 10ಕ್ಕೇ ಮಾಡಿ 20ಕ್ಕೆ ಹೊಂದಿಸಿದ ಗಾಡಿಗಳಲ್ಲಿ ಶೇಕಡಾ 1-2 ಅಂತಿತ್ತು. ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರ್ ನೋಡಿ, ಇ10 ಅಂತಿದೆಯೋ ಇ20 ಅಂತಿದೆಯೋ. ಟಯರಿನ ಗುಂಡಿ ನೋಡೋಕಿಂತ ಮೊದಲು ನಾನು ಇದನ್ನು ನೋಡ್ತಿದ್ದೆ.

ನಡುವೆ ಒಂದು ಬಿಎಂಡಬ್ಲ್ಯೂ 320ಡಿ ಡೀಸೆಲ್ ಕೂಡ ಕಣ್ಣು ಮಿಟುಕಿಸಿತು. ಕಂಪನಿ ಲೆಕ್ಕ 22.69! ಒಂದು ಟಯರಿನ ಬೆಲೆ ವಿಚಾರಿಸಿ ಅಲ್ಲಿಂದ ಮೆಲ್ಲಗೆ ಎದ್ದು ಬಂದೆ.

ಆರ್‌ಎಸ್ ಓಡಿಸಿದ್ದು ಒಂದು ಭಾನುವಾರ ಬೆಳಗ್ಗೆ ಏಳಕ್ಕೆ, ನೈಸ್ ರಸ್ತೆಯಲ್ಲಿ. ಮಾಲೀಕ ನನ್ನದೇ ವಯಸ್ಸಿನವನು, ವಿದೇಶಕ್ಕೆ ಹೊರಟಿದ್ದ. ಸುಮ್ಮನೆ ಹೇಳಬಾರದು, ಎರಡನೇ ಗೇರಿನಲ್ಲಿ ಅದು ಎಳೆದಾಗ ನನ್ನ ಎಕ್ಸೆಲ್ ಶೀಟ್ ಕಿಟಕಿಯಿಂದ ಹಾರಿ ಹೋಯ್ತು. ವರ್ಷಕ್ಕೆ 29 ಸಾವಿರ ತಾನೇ, ಹೊರಗೆ ತಿನ್ನೋದು ಬಿಟ್ಟರೆ ಆಯ್ತಲ್ಲ ಅಂತ ಮನಸ್ಸು ಆಗಲೇ ವಕೀಲಿಕೆ ಶುರು ಮಾಡಿತ್ತು. ಅಪ್ಪ ಊರಿಂದ ಬಂದಿದ್ದರು, ಪಕ್ಕದಲ್ಲೇ ಕೂತಿದ್ದರು. ಟೋಲ್ ಹತ್ತಿರ ನಿಲ್ಲಿಸಿ, "ಅಪ್ಪ, ಒಂದು ರೌಂಡ್ ನೀವು ಓಡ್ಸಿ" ಅಂದೆ.

ಡ್ರೈವರ್ ಸೀಟಿಗೆ ಬಂದು ಕೂತರು. ಕೆಳಗೆ ನೋಡಿದರು.

"ಕ್ಲಚ್ ಎಲ್ಲೋ?"

"ಆಟೋಮ್ಯಾಟಿಕ್ಕು ಅಪ್ಪ. ಕ್ಲಚ್ ಇರಲ್ಲ."

"ಮತ್ತೆ ಎಡಗಾಲಿಗೆ ಏನ್ ಕೆಲ್ಸ ಇದ್ರಲ್ಲಿ?"

ನಕ್ಕೊಂಡೇ ಕೇಳಿದರು. ಆದರೆ ಬ್ರೇಕ್ ಮೇಲೆ ಎಡಗಾಲು ಹೋಗಿಬಿಡುತ್ತೇನೋ ಅನ್ನೋ ಭಯ ಅವರ ಮುಖದಲ್ಲಿ ಕಾಣ್ತಿತ್ತು. ಮೂವತ್ತು ವರ್ಷ ಕ್ಲಚ್ ತುಳಿದ ಕಾಲು ಅದು. ಓಡಿಸಲಿಲ್ಲ, ಇಳಿದು ಬಂದರು. "ಗಾಡಿ ಚೆನ್ನಾಗೈತೆ ಕಣಪ್ಪ, ನೀನು ತಗೋ" ಅಂದರು. ದಾರಿಯಲ್ಲಿ ಎಷ್ಟು ಕೊಡುತ್ತೆ ಅಂತ ಕೇಳಿದರು, ಊರೊಳಗೆ 7 ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಐವತ್ತು ಜನ ಹತ್ತಿಸ್ಕೊಂಡು ನಾನು 5 ತೆಗೀತಿದ್ದೆ. ನೀನೊಬ್ನೇ ಕೂತ್ಕೊಂಡು 7ಆ?" ಅಂದರು. ಈ ಲೆಕ್ಕಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಲೀಟರಿಗೆ ಒಬ್ಬ ಮನುಷ್ಯನನ್ನು ಎಷ್ಟು ದೂರ ಸಾಗಿಸಿದಿರಿ ಅಂತ ನೋಡಿದರೆ ಅವರ ಬಸ್ಸು 250 ಕಿಮೀ, ನನ್ನ ಕನಸಿನ ಕಾರು 7.

ಆವತ್ತು ರಾತ್ರಿ ಪಟ್ಟಿಯನ್ನು ಮತ್ತೆ ತೆರೆದು ಮ್ಯಾನ್ಯುಯಲ್ ಅಂತ ಒಂದು ಶರತ್ತು ಸೇರಿಸಿದೆ. ಆರ್‌ಎಸ್ ಇಲ್ಲಿ ಆಟೋಮ್ಯಾಟಿಕ್‌ನಲ್ಲಿ ಮಾತ್ರ ಬಂದಿದ್ದು, ಅದು ಹೊರಗೆ ಹೋಯ್ತು. ಬೇಜಾರಾಗಲಿಲ್ಲ ಅಂದರೆ ಸುಳ್ಳು. ವರ್ನಾ ಟರ್ಬೋದಲ್ಲೂ ಮ್ಯಾನ್ಯುಯಲ್ ಇದೆ, ಆದರೆ ಒಳ್ಳೆಯ ಸ್ಥಿತಿಯಲ್ಲಿ ಮೊದಲು ಸಿಕ್ಕಿದ್ದು ಸ್ಲಾವಿಯಾ. ಆರು ಗೇರು, ಒಬ್ಬರೇ ಓಡಿಸಿದ್ದು, 31 ಸಾವಿರ ಕಿಮೀ. ಅದರ ಇಂಜಿನ್ನಿನಲ್ಲಿ ನನಗಿಷ್ಟವಾದ ಒಂದು ಜಾಣತನ ಇದೆ. ಸಮತಟ್ಟು ರಸ್ತೆಯಲ್ಲಿ ಹಗುರಕ್ಕೆ ಹೋಗ್ತಿರುವಾಗ ನಾಲ್ಕರಲ್ಲಿ ನಡುವಿನ ಎರಡು ಸಿಲಿಂಡರ್ ಕೆಲಸ ನಿಲ್ಲಿಸುತ್ತವೆ, ಬೇಕಾದ ತಕ್ಷಣ ಮತ್ತೆ ಎದ್ದು ಬರುತ್ತವೆ. ಅಪ್ಪನಿಗೆ ವಿವರಿಸಿದೆ. "ನಮ್ ಡಿಪೋದಲ್ಲೂ ಹಂಗೇ ಇಬ್ರಿದ್ರು" ಅಂದರು.

ಈಗ ಮೂರು ತಿಂಗಳಾಯ್ತು. ಅಳೆಯೋದು ಅಪ್ಪನ ವಿಧಾನದಲ್ಲೇ. ಅದೇ ಬಂಕು, ಅದೇ ಪಂಪು, ಟ್ಯಾಂಕ್ ತುಂಬಿ ನಳಿಕೆ ತಾನಾಗಿ ಟಕ್ ಅಂತ ನಿಂತ ಮೇಲೆ ಒಂದು ಹನಿಯೂ ಹೆಚ್ಚಿಗೆ ಹಾಕಿಸಬಾರದು, ಆಮೇಲೆ ಓಡಿಸಿ ಮತ್ತೆ ತುಂಬಿಸಿ ಭಾಗಿಸಬೇಕು. ಬೆಂಗಳೂರಿನಲ್ಲಿ ನನ್ನ ಕೈಲಿ 9.8. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣದ ಮೇಲೆ ಹಾಸನಕ್ಕೆ ಹೋದಾಗ 17.4. ಓವರ್‌ಟೇಕ್ ಮಾಡೋ ಖುಷಿಗೆ ಅಷ್ಟು ಕೊಡಲೇಬೇಕು ಬಿಡಿ.

ಕಳೆದ ತಿಂಗಳು ಊರಿಗೆ ಹೋದಾಗ ಬೆಳಗ್ಗೆ ಎದ್ದು ನೋಡಿದರೆ ಮನೆ ಮುಂದೆ ಕಾರಿಲ್ಲ. ಅಮ್ಮ, "ನಿಮ್ಮಪ್ಪ ಸಕಲೇಶ್ಪುರಕ್ಕೆ ಹೋಗಿ ಬರ್ತೀನಿ ಅಂತ ಆರು ಗಂಟೆಗೇ ಹೊರಟ್ರು, ಏನೋ ಕೆಲಸ ಅಂತೆ" ಅಂದರು. ಸಕಲೇಶಪುರದಲ್ಲಿ ಏನು ಕೆಲಸವೋ ದೇವರಿಗೇ ಗೊತ್ತು. ಹನ್ನೊಂದಕ್ಕೆ ಬಂದರು, ಹೋಗುವಾಗಲೂ ಬರುವಾಗಲೂ ಟ್ಯಾಂಕ್ ತುಂಬಿಸಿದ್ದ ಎರಡು ರಸೀದಿ ಮೇಜಿನ ಮೇಲೆ ಇಟ್ಟರು. ಪರದೆ 21.6 ಅಂತ ತೋರಿಸ್ತಿತ್ತು. "ಅದು ಸುಳ್ಳು ಹೇಳ್ತದೆ" ಅಂತ ಕ್ಯಾಲೆಂಡರಿನ ಹಿಂದೆ ಭಾಗಾಕಾರ ಮಾಡಿ ತೋರಿಸಿದರು, 20.3. ನನ್ನದು ಎಷ್ಟು ಬಂತು ಅಂತ ಕೇಳಿದರು. ಹೇಳಿದೆ. ಏನೂ ಅನ್ನಲಿಲ್ಲ, ಆ ಹಳೇ ಕಳೆ ಮಾತ್ರ ಮುಖದ ಮೇಲೆ ಬಂತು.

ನೀವೂ ಇಂಥ ಗಾಡಿ ಓಡಿಸ್ತಿದ್ದರೆ ಎಷ್ಟು ಕೊಡುತ್ತೆ ಅಂತ ಬರೆಯಿರಿ. ಬರೀ ಮೈಲೇಜ್ ಬೇಡ, ಸರಾಸರಿ ವೇಗವೂ ಇರಲಿ. ಹದಿನೆಂಟು ಪಕ್ಕಾ ಅಂತ ಮಾತ್ರ ದಯವಿಟ್ಟು ಬರೆಯಬೇಡಿ.